ಖಾಲಿ ಇದ್ದಾಗ ತೂಗುತ್ತೆ, ಮಗು ಕೂತರೆ ಮಗುಚುತ್ತೆ: ಮಕ್ಕಳ ತೂಗುಕುರ್ಚಿಗೆ ಸಹಾಯ ಬೇಕು

ದಾವಣಗೆರೆ ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ ಮೂರು ತುಂಬುತ್ತಿದೆ. ಹುಟ್ಟುಹಬ್ಬಕ್ಕೆ ಅಂತ ಒಂದು ಪುಟ್ಟ ತೂಗುಕುರ್ಚಿ ಮಾಡಿದೆ. ನಾನು ಬಡಗಿ ಅಲ್ಲ. ಆಫೀಸ್ ಕೆಲಸ, ಭಾನುವಾರ ಮಾತ್ರ ಗರಗಸ ಹಿಡಿಯುವವನು. ಇದಕ್ಕೆ ಮುಂಚೆ ಮಾಡಿದ್ದು ಎರಡು ಮಣೆ, ಒಂದು ಚಪ್ಪಲಿ ಸ್ಟ್ಯಾಂಡ್. ತೀರ್ಥಹಳ್ಳಿಯ ಮಾವನ ಮನೆಯಿಂದ ಹಲಸಿನ ಹಲಗೆ ಸಿಕ್ಕಿತ್ತು. ಅಟ್ಟದ ಮೇಲೆ ನಾಲ್ಕು ವರ್ಷ ಒಣಗಿದ್ದು. ಕೀಸಿದಾಗ ಅರಿಶಿನದ ಬಣ್ಣ ಬಂತು ನೋಡಿ, ಅಲ್ಲೇ ತಲೆ ಕೆಟ್ಟಿತು.

ಕೂರುವ ಹಲಗೆ ನೆಲದಿಂದ 10 ಇಂಚು. ಅಗಲ 12, ಆಳ 11. ಒರಗು ಅಲ್ಲಿಂದ ಮೇಲೆ 13 ಇಂಚು. ಇಷ್ಟು ಮಗನನ್ನು ನಿಲ್ಲಿಸಿ, ಕೂರಿಸಿ ಅಳೆದು ಮಾಡಿದ್ದು. ಕೆಳಗಿನ ಎರಡು ಬಾಗಿದ ಪಟ್ಟಿಗೆ ಮಾತ್ರ ಏನು ಅಳತೆ ಅಂತ ಗೊತ್ತಾಗಲಿಲ್ಲ. ಅಪ್ಪನ ಹಳೇ ಸೈಕಲ್ಲಿನ ರಿಮ್ ಬಿದ್ದಿತ್ತು. ಹಲಗೆ ಮೇಲಿಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದೆ. ಕತ್ತರಿಸಿದೆ. ಪಟ್ಟಿ 18 ಇಂಚು ಉದ್ದ.

ಖಾಲಿ ಕುರ್ಚಿ ಬೆರಳಲ್ಲಿ ಮುಟ್ಟಿದರೆ ಸಾಕು, ಚೆಂದ ತೂಗುತ್ತದೆ. 5 ಕೆಜಿ ಅಕ್ಕಿ ಚೀಲ ಇಟ್ಟು ನೋಡಿದೆ, ಆಗಲೂ ಸರಿ. ಮಗ ಕೂತ. ಪಾದ ನೆಲಕ್ಕೆ ಊರಿ ಎರಡು ಸಲ ತೂಗಿದ. ಖುಷಿಯಾಗಿ ಕಾಲು ಎತ್ತಿದ. ಅಷ್ಟೇ, ಹಿಂದಕ್ಕೆ ಹೋದವನು ವಾಪಸ್ ಬರಲೇ ಇಲ್ಲ. ಪುಣ್ಯಕ್ಕೆ ಹಿಂದೆ ಹಾಸಿಗೆ ಸುತ್ತಿ ಇಟ್ಟಿತ್ತು. ಅವನು ನಕ್ಕ, ಅವರಮ್ಮ ನಗಲಿಲ್ಲ.

ಈಗ ಕುರ್ಚಿ ಮೇಲೆ ಇಸ್ತ್ರಿ ಬಟ್ಟೆ ಇದೆ. ತಪ್ಪು ಎಲ್ಲಾಗಿದೆ? ಒರಗು ಎತ್ತರ ಜಾಸ್ತಿ ಆಯ್ತಾ? ಹಿಂದೆ ಭಾರ ಆಯ್ತಾ?

ಧಾರವಾಡದ ಮಂದಿ

ಸರ, ನಮ್ಮ ಕಡೆ ಕಲಘಟಗಿ ತೊಟ್ಟಿಲು ಅಂತ ಮಾಡುತ್ತಾರೆ. ಬಣ್ಣ ಬಣ್ಣದ ಚಿತ್ರ, ಅರಗಿನ ಹೊಳಪು. ಎಷ್ಟು ಜೋರು ತೂಗಿದರೂ ಮಗುಚುವುದಿಲ್ಲ ನೋಡ್ರಿ. ನೀವು ತೊಟ್ಟಿಲೇ ಮಾಡಬೇಕಿತ್ತು. ತಮಾಷೆಗೆ ಹೇಳಿದೆ, ಸಿಟ್ಟಾಗಬೇಡ್ರಿ.

ಉಳಿ-ಕೊಡತಿ

ಒರಗಿನ ತಪ್ಪಲ್ಲ ಅಪ್ಪಾ. ಸೈಕಲ್ ರಿಮ್ಮಿನ ತಪ್ಪು. ಬಾಗು ತೀರಾ ಜಾಸ್ತಿ ಆಯಿತು. ದೊಡ್ಡವರ ಕುರ್ಚಿಗೆ ನಾನು 42 ಇಂಚಿನ ದಾರದ ಒಂದು ತುದಿ ಮೊಳೆಗೆ, ಇನ್ನೊಂದು ಪೆನ್ಸಿಲ್‌ಗೆ ಕಟ್ಟಿ ಗೆರೆ ಎಳೆಯುತ್ತೇನೆ. ಮಕ್ಕಳದ್ದಕ್ಕೆ 26ರಿಂದ 30. ನಿಮ್ಮ ರಿಮ್ಮಿನದು ಅದರ ಅರ್ಧ ಬಂದರೆ ಹೆಚ್ಚು. ಯಾಕೆ ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ, ನಮ್ಮಪ್ಪ ಹಾಗೆ ಮಾಡುತ್ತಿದ್ದರು.

ಹಾಸನದ ಮೇಷ್ಟ್ರು

ಯಾಕೆ ಅಂತ ನಾನು ಹೇಳುತ್ತೇನೆ. ಧಾರವಾಡದವರು ತಮಾಷೆಗೆ ಹೇಳಿದರಲ್ಲ, ಉತ್ತರ ಅಲ್ಲೇ ಇದೆ.

ತೊಟ್ಟಿಲು ಯಾಕೆ ಮಗುಚಲ್ಲ? ಕೊಕ್ಕೆ ಮೇಲಿದೆ, ಭಾರ ಕೆಳಗಿದೆ. ಎಲ್ಲಿಗೆ ತಳ್ಳಿದರೂ ಭಾರ ಮತ್ತೆ ಕೊಕ್ಕೆಯ ಕೆಳಕ್ಕೇ ಬರಬೇಕು. ತೂಗುಕುರ್ಚಿಗೂ ಒಂದು ಕೊಕ್ಕೆ ಇದೆ, ಕಣ್ಣಿಗೆ ಕಾಣಲ್ಲ. ಬಾಗಿದ ಪಟ್ಟಿ ಒಂದು ದೊಡ್ಡ ವೃತ್ತದ ತುಂಡು, ಅಲ್ವಾ? ಆ ವೃತ್ತದ ನಡುಬಿಂದುವೇ ಕೊಕ್ಕೆ. ಕುರ್ಚಿ, ಮಗು ಎರಡೂ ಸೇರಿದ ಭಾರದ ಬಿಂದು (ಎಲ್ಲ ತೂಕವೂ ಒಂದೇ ಕಡೆ ಸೇರಿದಂತೆ ಲೆಕ್ಕ ಹಿಡಿಯುವ ಜಾಗ) ಅದಕ್ಕಿಂತ ಕೆಳಗಿದ್ದರೆ ಕುರ್ಚಿ ತೂಗುತ್ತದೆ. ಮೇಲೆ ಹೋದರೆ ಬೀಳುತ್ತದೆ.

ಈಗ ಲೆಕ್ಕ. ರಿಮ್ಮಿನ ಅರ್ಧ ಅಡ್ಡಳತೆ ಸುಮಾರು 13 ಇಂಚು ಇರುತ್ತದೆ. ಅಂದರೆ ನಿಮ್ಮ ಕೊಕ್ಕೆ ನೆಲದಿಂದ 13 ಇಂಚು ಮೇಲೆ. ಕುರ್ಚಿ 3.5 ಕೆಜಿ ಅಂತಿಟ್ಟುಕೊಳ್ಳೋಣ. ಅದರ ಭಾರದ ಬಿಂದು ಸುಮಾರು 9 ಇಂಚಿನಲ್ಲಿ. 13ಕ್ಕಿಂತ ಕೆಳಗೆ, ಹಾಗಾಗಿ ಖಾಲಿ ಕುರ್ಚಿ ತೂಗಿತು. ಅಕ್ಕಿ ಚೀಲ ಹಲಗೆ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಅದರ ಬಿಂದು 13 ಇಂಚಿನ ಹತ್ತಿರ ಅಂದುಕೊಂಡರೂ, ಎರಡೂ ಸೇರಿ 11 ಚಿಲ್ಲರೆ. ಅದೂ ಪಾಸ್. ಮಗ 13 ಕೆಜಿ ಅಂದುಕೊಳ್ಳಿ. ಕೂತ ಮಗುವಿನ ಭಾರದ ಬಿಂದು ಹಲಗೆಯಿಂದ ಸುಮಾರು 7 ಇಂಚು ಮೇಲೆ, ಹೊಕ್ಕುಳಿಗಿಂತ ತುಸು ಮೇಲೆ. ನೆಲದಿಂದ 17. ಕುರ್ಚಿ ಜೊತೆ ಸೇರಿಸಿದರೆ 15.3. ಕೊಕ್ಕೆ ಇರುವುದು 13ರಲ್ಲಿ. ಫೇಲ್.

ಕಾಲು ಊರಿದಾಗ ಕುರ್ಚಿಯನ್ನು ಹಿಡಿದಿದ್ದು ಅವನ ಕಾಲು, ನಿಮ್ಮ ಪಟ್ಟಿ ಅಲ್ಲ.

ದಾವಣಗೆರೆ ಅಪ್ಪ

ಮೇಷ್ಟ್ರೇ, ಇದನ್ನು ಹೆಂಡತಿಗೆ ಓದಿ ಹೇಳಿದೆ. "ಅಕ್ಕಿ ಚೀಲಕ್ಕೆ ಕುರ್ಚಿ ಮಾಡಿದ್ದೀರಿ ಅಂತಾಯ್ತು" ಅಂದಳು.

ಹಾಗಾದರೆ ದಾರ ಇನ್ನೂ ಉದ್ದ ಹಿಡಿಯೋಣ, 50, 60 ಇಂಚು? ಎಷ್ಟು ಉದ್ದ ಆದರೆ ಅಷ್ಟು ಭದ್ರ ಅಲ್ವಾ?

ಹಾಸನದ ಮೇಷ್ಟ್ರು

ಭದ್ರ ಹೌದು, ಸುಖ ಇಲ್ಲ. ಪಟ್ಟಿ ಹೆಚ್ಚುಕಮ್ಮಿ ನೇರ ಆಗಿಬಿಡುತ್ತದೆ. ಕುರ್ಚಿ ಸ್ವಲ್ಪವೇ ಅಲ್ಲಾಡಿ ಟಕ್ ಟಕ್ ಅಂತ ವಾಪಸ್ ಬರುತ್ತದೆ. ಕೊಕ್ಕೆ ಭಾರದ ಬಿಂದುವಿಗೆ ಹತ್ತಿರ ಇದ್ದಷ್ಟೂ ತೂಗಾಟ ನಿಧಾನ, ಮೆತ್ತಗೆ. ತೀರಾ ಹತ್ತಿರ ಬಂದರೆ ಭಯ. ಉಳಿ-ಕೊಡತಿಯವರು ಹೇಳಿದ 26ರಿಂದ 30ರ ನಡುವಿನ 28 ಇಂಚು ಸರಿಯಾದ ಜಾಗ.

ಇನ್ನೊಂದು ಮಾತು. ಮೂರು ವರ್ಷದವನು ಸುಮ್ನೆ ಕೂರಲ್ಲ, ಹಲಗೆ ಮೇಲೆ ಎದ್ದು ನಿಲ್ಲುತ್ತಾನೆ. ನಿಂತಾಗ ಅವನ ಭಾರದ ಬಿಂದು ನೆಲದಿಂದ 31 ಇಂಚು. ಕುರ್ಚಿ ಸೇರಿಸಿದರೆ 26. ಕೊಕ್ಕೆ 28ರಲ್ಲಿ. ಬರೀ 2 ಇಂಚು ಬಾಕಿ. ಸ್ವಲ್ಪ ಮುಂದಕ್ಕೆ ಬಗ್ಗಿದರೆ ಮುಗೀತು. ನಿಲ್ಲದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ, ಅದು ಕುರ್ಚಿಯಿಂದ ಆಗಲ್ಲ.

ಸುಮ್ನೆ ಓದೋನು

ಇಷ್ಟೆಲ್ಲ ಯಾಕೆ ಸ್ವಾಮಿ? ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತೆ. ತಂದು ಕೊಡಿ, ಅವನು ಆರು ತಿಂಗಳಲ್ಲಿ ಬಿಸಾಕುತ್ತಾನೆ.

ಮಂಗಳೂರು ಅಮ್ಮ

ಅವರಿಗೆ ಮಾಡುವ ಖುಷಿ ಮಾರಾಯ್ರೆ. ನೀವು ಸುಮ್ನೆ ಓದಿ.

ಉಳಿ-ಕೊಡತಿ

ಮರದ ವಿಷಯಕ್ಕೆ ಬರೋಣ. ಹಲಸು ಒಳ್ಳೆ ಮರ. ವೀಣೆ, ಮೃದಂಗ ಮಾಡುವ ಮರ ಅದು. ಕೆಲಸಕ್ಕೆ ಮೆತ್ತಗೆ ಬಗ್ಗುತ್ತದೆ, ಹುಳ ಬೇಗ ಹಿಡಿಯುವುದಿಲ್ಲ. ಈಗ ಅರಿಶಿನ ಇದ್ದದ್ದು ನಾಲ್ಕೈದು ವರ್ಷಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಆಗ ಇನ್ನೂ ಚೆಂದ.

ಆದರೆ ಬಾಗಿದ ಪಟ್ಟಿಯನ್ನು ನೇರ ಹಲಗೆಯಿಂದ ಕೊಯ್ದಿದ್ದೀರಿ. ಅದು ಎರಡನೇ ತಪ್ಪು. ಮರದ ಎಳೆ ನೇರ ಹೋಗುತ್ತದೆ, ನಿಮ್ಮ ಪಟ್ಟಿ ಬಾಗುತ್ತದೆ. ಪಟ್ಟಿಯ ತುದಿಗೆ ಬರುವಷ್ಟರಲ್ಲಿ ಎಳೆ ಓರೆಯಾಗಿ ಅಡ್ಡ ಕತ್ತರಿಸಿಹೋಗಿರುತ್ತದೆ. ಬಿಸ್ಕತ್ತಿನ ತರ ಅಲ್ಲಿಂದಲೇ ಮುರಿಯುತ್ತದೆ. ಒಂದು ದಿನ ಯಾರೋ ದೊಡ್ಡವರು ತಮಾಷೆಗೆ ಕೂರುತ್ತಾರೆ, ಚಟ್ ಅನ್ನುತ್ತದೆ.

ನಮ್ಮ ಊರಲ್ಲಿ ಹಿಂದೆ ನೇಗಿಲಿಗೆ ಮರ ಹುಡುಕುವಾಗ ಹುಟ್ಟಾ ಬಾಗಿದ ಕೊಂಬೆಯನ್ನೇ ಹುಡುಕುತ್ತಿದ್ದರು. ಯಾಕಂದ್ರೆ ಕೊಂಬೆ ಬಾಗಿದಲ್ಲಿ ಎಳೆಯೂ ಬಾಗಿರುತ್ತದೆ. ನಿಮಗೆ ಅಂಥ ಕೊಂಬೆ, ಅದೂ ಜೋಡಿ, ಸಿಗುವುದು ಕಷ್ಟ. ಬೇರೆ ದಾರಿ ನೋಡಬೇಕು.

ಟೊರಾಂಟೊ ಕನ್ನಡಿಗ

ಬೇರೆ ದಾರಿ ಅಂದರೆ ಪದರ ಅಂಟಿಸುವುದು. ನನ್ನ ಮಗಳಿಗೆ ಇಲ್ಲಿ ಬೇಸ್ಮೆಂಟಿನಲ್ಲಿ ಮೇಪಲ್ ಮರದಲ್ಲಿ ಮಾಡಿದ್ದೆ. ಬರೆಯುತ್ತೇನೆ, ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ.

ಮೊದಲು ಅಚ್ಚು. ಎರಡು ಮೂರು ಪ್ಲೈವುಡ್ ತುಂಡು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿ. ಅದರ ಮೇಲೆ ದಾರ, ಮೊಳೆ, ಪೆನ್ಸಿಲ್ ಇಟ್ಟು 28 ಇಂಚಿನ ಗೆರೆ ಎಳೆದು ಕತ್ತರಿಸಿ. ದಾರ ಹಿಗ್ಗುತ್ತದೆ, ತಂತಿ ಅಥವಾ ತೆಳು ರೀಪರ್ ಪಟ್ಟಿ ಒಳ್ಳೆಯದು. ಪಟ್ಟಿ 24 ಇಂಚು ಉದ್ದ ಇರಲಿ. 24 ಇಂಚಿಗೆ ನಡುವಿನ ಬಾಗು ಎರಡೂಮುಕ್ಕಾಲು ಇಂಚಿನ ಹತ್ತಿರ ಬರಬೇಕು. ಅದನ್ನು ಸ್ಕೇಲಿನಲ್ಲಿ ನೋಡಿಕೊಳ್ಳಿ, ಗೆರೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತೆ.

ಆಮೇಲೆ ಹಲಗೆಯನ್ನು 3 ಮಿ.ಮೀ. ದಪ್ಪದ ಸೀಳುಗಳಾಗಿ ಸೀಳಿಸಿ. 8 ಸೀಳು ಸೇರಿದರೆ ಸುಮಾರು ಒಂದು ಇಂಚು. ಎಳೆ ಉದ್ದಕ್ಕೇ ಹೋಗಿರುತ್ತದೆ, ಎಲ್ಲೂ ಕತ್ತರಿಸಿರುವುದಿಲ್ಲ. ಗರಗಸದ ಬ್ಲೇಡು ಅರ್ಧ ಮರ ತಿಂದು ಹುಡಿ ಮಾಡುತ್ತದೆ, ಹೊಟ್ಟೆ ಉರಿದುಕೊಳ್ಳಬೇಡಿ.

ಒಂದು ಉಪಾಯ, ನಾನು ಎರಡನೇ ಸಲ ಕಲಿತದ್ದು. ಎರಡು ಪಟ್ಟಿ ಬೇರೆ ಬೇರೆ ಅಂಟಿಸಬೇಡಿ. ಎರಡೂವರೆ ಇಂಚು ಅಗಲದ ಒಂದೇ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಉದ್ದುದ್ದ ಎರಡಾಗಿ ಸೀಳಿ. ಎರಡೂ ಅವಳಿ ಮಕ್ಕಳ ತರ ಒಂದೇ ಬಾಗು. ಬೇರೆ ಬೇರೆ ಮಾಡಿದರೆ ಒಂದು ಹೆಚ್ಚು ಬಾಗಿ ಕುರ್ಚಿ ಏಡಿ ತರ ಪಕ್ಕಕ್ಕೆ ನಡೆಯುತ್ತದೆ. ನಮ್ಮದು ನಡೆಯಿತು.

ಬಿಳಿ ಅಂಟಿಗಿಂತ ಎರಡು ಟ್ಯೂಬ್ ಕಲಸುವ ಎಪಾಕ್ಸಿ ಒಳ್ಳೆಯದು. ಬಾಗಿದ ಮರ ಸದಾ ನೇರ ಆಗಲು ಎಳೆಯುತ್ತಲೇ ಇರುತ್ತದೆ. ಬಿಳಿ ಅಂಟು ಒಣಗಿದ ಮೇಲೂ ಆ ಎಳೆತಕ್ಕೆ ಒಂಚೂರು ಒಂಚೂರೇ ಜಾರುತ್ತದೆ.

ದಾವಣಗೆರೆ ಅಪ್ಪ

ಅಣ್ಣ, ನನ್ನ ಹತ್ತಿರ ಇರುವುದು ಎರಡೇ ಕ್ಲಾಂಪ್.

ಉಳಿ-ಕೊಡತಿ

ಸೈಕಲ್ ರಿಮ್ ಇದೆಯಲ್ಲ, ಟ್ಯೂಬೂ ಇರಬೇಕು. ಉದ್ದಕ್ಕೆ ಒಂದು ಇಂಚು ಅಗಲ ಸೀಳಿ. ಅಚ್ಚು, ಸೀಳು ಎಲ್ಲ ಸೇರಿಸಿ ಒಂದು ತುದಿಯಿಂದ ಬಿಗಿಯಾಗಿ ಎಳೆದು ಸುತ್ತಿಕೊಂಡು ಹೋಗಿ. ಹತ್ತು ಕ್ಲಾಂಪಿನ ಕೆಲಸ ಮಾಡುತ್ತದೆ. ಅಚ್ಚಿಗೆ ಅಂಟದ ಹಾಗೆ ಹಾಲಿನ ಪ್ಯಾಕೆಟ್ ಬಿಚ್ಚಿ ತೊಳೆದು ಮಧ್ಯೆ ಹಾಸಿ.

ಅಂಟು ಹಚ್ಚುವ ಮುಂಚೆ ಒಂದು ಸಲ ಒಣಗಿದ್ದರಲ್ಲೇ ಸುತ್ತಿ ನೋಡಿ. ಕೈಯಲ್ಲಿ ಅಂಟು ಇರುವಾಗ ಟ್ಯೂಬ್ ಸಾಲದೆ ಹೋದರೆ ದೇವರೇ ಗತಿ.

ಮಂಗಳೂರು ಅಮ್ಮ

ನಾನು ಬೇರೆ ಕೆಲವು ವಿಷಯ ಹೇಳ್ತೇನೆ. ಗಂಡಸರೆಲ್ಲ ಕೂರುವ ಮಗುವಿನ ಬಗ್ಗೆಯೇ ಬರೀತಿದ್ದೀರಿ. ಪಕ್ಕದಲ್ಲಿ ತೆವಳುವ ಮಗು ಇದ್ದರೆ? ನಮ್ಮ ಮನೆಯಲ್ಲಿ ಅಣ್ಣ ತೂಗುತ್ತಿದ್ದ, ತಂಗಿ ಕೈ ಪಟ್ಟಿಯ ಕೆಳಗೆ ಹೋಯಿತು. ಉಗುರು ಕಪ್ಪಾಗಿ ಬಿದ್ದು, ಹೊಸದು ಬರಲು ತಿಂಗಳುಗಟ್ಟಲೆ ಹಿಡಿಯಿತು. ಪಟ್ಟಿಯ ಕೆಳಗಿನ ಅಂಚು ಚೂಪು ಬಿಡಬೇಡಿ, ದುಂಡಗೆ ಉಜ್ಜಿ. ಟೈಲ್ಸ್ ಮೇಲೆ ಬೇಡ, ದಪ್ಪ ಜಮಖಾನ ಹಾಸಿ. ಕುರ್ಚಿ ಜಾರುವುದೂ ಇಲ್ಲ, ಬೆರಳು ಸಿಕ್ಕಿದರೂ ಅಷ್ಟು ಏಟಾಗುವುದಿಲ್ಲ.

ಒರಗಿನ ಕಡ್ಡಿಗಳ ನಡುವೆ ಬೆರಳು ಕಚ್ಚಿಕೊಳ್ಳುವಷ್ಟು ಸಂದು ಬೇಡ. ತಲೆ ತೂರುವಷ್ಟು ದೊಡ್ಡದೂ ಬೇಡ. ಎರಡು ಇಂಚಿನ ಒಳಗೆ ಇಟ್ಟರೆ ನೆಮ್ಮದಿ.

ಮತ್ತೆ ನಮ್ಮ ಕಡೆ ಮರಕ್ಕೆ ಗೇರು ಎಣ್ಣೆ ಹಚ್ಚುತ್ತಾರೆ, ಗೆದ್ದಲು ಬಾರದ ಹಾಗೆ. ಮಾವನ ಮನೆಯವರು ಹಚ್ಚು ಅಂದಾರು. ಮಾಡಿಗೆ, ದನದ ಕೊಟ್ಟಿಗೆಗೆ ಸರಿ, ಮಗುವಿನ ಕುರ್ಚಿಗೆ ಮಾತ್ರ ಖಂಡಿತಾ ಬೇಡ. ಗೇರು ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ. ಸಣ್ಣವಳಿದ್ದಾಗ ಹಸಿ ಗೇರುಬೀಜ ಕಚ್ಚಿ ತುಟಿ ಊದಿಸಿಕೊಂಡವಳು ನಾನು.

ದಾವಣಗೆರೆ ಅಪ್ಪ

ಅಕ್ಕ, ಒಳ್ಳೆ ಟೈಮಿಗೆ ಹೇಳಿದಿರಿ. ಮಾವ ನಿಜವಾಗ್ಲೂ ಒಂದು ಬಾಟಲಿ ಕಳಿಸಿದ್ದಾರೆ. ಹಾಗಾದರೆ ಏನು ಹಚ್ಚಲಿ? ಮಗ ಎಲ್ಲವನ್ನೂ ನೆಕ್ಕುತ್ತಾನೆ.

ರಾಮನಗರದ ಹುಡುಗ

ಅರಗು! ಚನ್ನಪಟ್ಟಣದ ಗೊಂಬೆಗೆ ಹಚ್ಚುವುದು ಅದೇ. ಮಕ್ಕಳು ತಲೆತಲಾಂತರದಿಂದ ಬಾಯಿಗೆ ಹಾಕಿಕೊಂಡೇ ಬಂದಿದ್ದಾರೆ. ನಿಮ್ಮ ಕುರ್ಚಿಯನ್ನು ಹಾಗೇ ತಗೊಂಡು ಬನ್ನಿ, ಬಣ್ಣ ಹಾಕಿಸಿ ಕೊಡೋಣ.

ಉಳಿ-ಕೊಡತಿ

ತಮ್ಮಾ, ಆ ಅರಗು ಹತ್ತುವುದು ಕಡೆಯುವ ಯಂತ್ರದ ಮೇಲೆ ತಿರುಗುವ ದುಂಡು ಮರಕ್ಕೆ ಮಾತ್ರ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹರಡುತ್ತದೆ. ಚಪ್ಪಟೆ ಹಲಗೆಗೆ ಹೇಗೆ ಹಚ್ಚುತ್ತೀಯ?

ರಾಮನಗರದ ಹುಡುಗ

ಹೌದಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ದಿನಾ ನೋಡಿದ್ದೀನಿ, ಆದರೂ ಹೊಳೆಯಲಿಲ್ಲ. ಅರಗು ಹತ್ತಿದ ಮೇಲೆ ಒಣಗಿದ ಕೇದಗೆ ಜಾತಿಯ ಗರಿ ಒತ್ತಿ ಹಿಡಿಯುತ್ತಾರೆ, ಗಾಜಿನ ತರ ಹೊಳಪು ಬರುತ್ತೆ. ಹಾಗಾದರೆ ಒಂದು ಕೆಲಸ ಮಾಡಿ. ಒರಗಿನ ಕಡ್ಡಿಗಳನ್ನು ಮಾತ್ರ ಆಲೆ ಮರದಲ್ಲಿ ಕಡೆಸಿ, ಬಣ್ಣದ ಅರಗು ಹಾಕಿಸಿ. ಐದು ಕಡ್ಡಿ, ಐದು ಬಣ್ಣ. ಆಲೆ ಮರ ಬಿಳಿ, ನುಣುಪು, ಬಣ್ಣ ಚೆನ್ನಾಗಿ ಎದ್ದು ಕಾಣುತ್ತೆ. ಕಾಲಿಗೆ, ಪಟ್ಟಿಗೆ ಬೇಡ, ಮರ ಮೆತ್ತಗೆ.

ಉಳಿ-ಕೊಡತಿ

ಇದು ಒಳ್ಳೆ ಮಾತು. ಉಳಿದ ಹಲಸಿಗೆ ಅರಗಿನ ಚಕ್ಕೆಯನ್ನು ಸ್ಪಿರಿಟಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ತೆಳ್ಳಗೆ ನಾಲ್ಕು ಸಲ ಹಚ್ಚಿ. ಸ್ಪಿರಿಟ್ ಹಾರಿಹೋಗುತ್ತದೆ, ಉಳಿಯುವುದು ಅರಗು. ಬಿಸಿ ಹಾಲಿನ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಬಿದ್ದರೆ ಮತ್ತೆ ಒಂದು ಕೈ ಹಚ್ಚಿದರೆ ಆಯಿತು.

ಅಗಸೆ ಎಣ್ಣೆಯೂ ಆಗುತ್ತದೆ, ಒಣಗಲು ವಾರಗಟ್ಟಲೆ ಬೇಕು. ಅಂಗಡಿಯ ಬೇಯಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ, ನೆಕ್ಕುವ ಮಗುವಿಗೆ ಬೇಡ. ಯಾವುದೇ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಹಾಸನದ ಮೇಷ್ಟ್ರು

ಹಳೇ ಡಬ್ಬದ ಬಣ್ಣ ಮನೆಯಲ್ಲಿದ್ದರೆ ಮುಟ್ಟಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ.

ದಾವಣಗೆರೆ ಅಪ್ಪ (ಐದು ವಾರ ಆದಮೇಲೆ)

ಬಂದೆ. ಹುಟ್ಟುಹಬ್ಬ ಮುಗಿದುಹೋಯಿತು, ಅವನಿಗೆ ಚೆಂಡು ಕೊಡಿಸಿ ಸಮಾಧಾನ ಮಾಡಿದೆ.

ಸೀಳುಗಳನ್ನು ಇಲ್ಲಿನ ಸಾಮಿಲ್ಲಿನಲ್ಲಿ ಸೀಳಿಸಿದೆ. "ಇಷ್ಟು ತೆಳು ಯಾಕೆ, ಕಡ್ಡಿಪೆಟ್ಟಿಗೆ ಮಾಡ್ತೀರಾ" ಅಂತ ಕೇಳಿದರು. ಟ್ಯೂಬ್ ಸುತ್ತಿದ್ದು ನಾನು, ಎಳೆದು ಹಿಡಿದದ್ದು ಹೆಂಡತಿ. ಅಂಟು ಮೊಣಕೈವರೆಗೆ ಬಂತು. ಎರಡು ದಿನ ಬಿಟ್ಟು ಬಿಚ್ಚಿದಾಗ ಬಾಗು ಒಂಚೂರು ಬಿಚ್ಚಿಕೊಂಡಿತ್ತು. ಅಳೆದರೆ 28 ಇದ್ದದ್ದು 29 ಆಗಿದೆ. ಹಾಗೇ ಬಿಟ್ಟೆ. ನಡುವೆ ಸೀಳಿ ಎರಡು ಮಾಡಿದೆ, ಒಂದರ ಮೇಲೊಂದು ಇಟ್ಟರೆ ಕೂದಲು ತೂರಲ್ಲ.

ಈಗ ಎರಡು ಪ್ರಶ್ನೆ. ಕಾಲನ್ನು ಪಟ್ಟಿಯ ಮೇಲೆ ಎಲ್ಲಿ ಕೂರಿಸಬೇಕು? ಮೊಳೆ ಹೊಡೆಯಲಾ, ಸ್ಕ್ರೂ ಹಾಕಲಾ?

ಉಳಿ-ಕೊಡತಿ

ಮೊಳೆಯೂ ಬೇಡ, ಸ್ಕ್ರೂವೂ ಬೇಡ. ಅಲ್ಲಾಡುವ ವಸ್ತುವಿಗೆ ಮೊಳೆ ಎಷ್ಟು ದಿನ ನಿಲ್ಲುತ್ತದೆ? ಕಾಲಿನ ತುದಿಯನ್ನು ಮುಕ್ಕಾಲು ಇಂಚಿನ ದುಂಡು ಮೊನೆ ಮಾಡಿ. ಪಟ್ಟಿಗೆ ಆರುಪಾರು ತೂತು ಕೊರೆದು ಮೊನೆ ಕೂರಿಸಿ. ಮೊನೆಯ ತುದಿಯಲ್ಲಿ ಗರಗಸದಿಂದ ಒಂದು ಸೀಳು ಬಿಟ್ಟಿರಿ, ಕೆಳಗಿನಿಂದ ಆ ಸೀಳಿಗೆ ಬೆಣೆ ಹೊಡೆಯಿರಿ. ಒಂದೇ ಎಚ್ಚರ. ಬೆಣೆಯ ಗೆರೆ ಪಟ್ಟಿಯ ಎಳೆಗೆ ಅಡ್ಡ ಇರಬೇಕು. ಎಳೆಯ ಉದ್ದಕ್ಕೆ ಹೊಡೆದರೆ ಪಟ್ಟಿಯೇ ಸೀಳಿಹೋಗುತ್ತದೆ, ಐದು ವಾರದ ಕೆಲಸ ಐದು ಸೆಕೆಂಡಿಗೆ.

ಜಾಗ ಎಲ್ಲಿ ಅಂತ ಪುಸ್ತಕ ನೋಡಬೇಡಿ. ತೂತು ಕೊರೆಯುವ ಮುಂಚೆ ಕಾಲುಗಳನ್ನು ಪಟ್ಟಿಗೆ ದಾರದಿಂದ ಕಟ್ಟಿ. ಮಗನನ್ನು ಕೂರಿಸಿ. ಅವನು ಸುಮ್ಮನೆ ಒರಗಿದಾಗ ಹಲಗೆ ಹಿಂದಕ್ಕೆ ಒಂದಿಷ್ಟು ವಾಲಿರಬೇಕು, ಅಷ್ಟೇ. ಮುಂದೆ ಜಾರುವ ಹಾಗೆ ಅನಿಸಿದರೆ ಪಟ್ಟಿಯನ್ನು ಮುಂದೆ ಸರಿಸಿ. ಮಲಗಿದ ಹಾಗಾದರೆ ಹಿಂದೆ. ಸರಿಯಾದ ಕಡೆ ಪೆನ್ಸಿಲ್ ಗುರುತು. ಹಿಂದಿನ ಬಾಲ ಮುಂದಿಗಿಂತ ಮೂರು ಇಂಚು ಉದ್ದ ಉಳಿಯಲಿ, ಹಿಂದಕ್ಕೆ ಬೀಳುವ ಭಯ ಕಮ್ಮಿ.

ಟೊರಾಂಟೊ ಕನ್ನಡಿಗ

ಕೂರುವ ಹಲಗೆಯನ್ನು ಚೌಕಟ್ಟಿಗೆ ಸುತ್ತ ಅಂಟಿಸಿಬಿಡಬೇಡಿ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾನು ಬಿಗಿಯಾಗಿ ಅಂಟಿಸಿದ್ದೆ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆಯೊಳಗಿನ ಗಾಳಿ ಹಪ್ಪಳ ಒಣಗಿಸುವಷ್ಟು ಒಣ. ಜನವರಿ ರಾತ್ರಿ ಪಟಾರ್ ಅಂತ ಸದ್ದು. ಕಳ್ಳ ಬಂದ ಅಂದುಕೊಂಡೆವು. ನೋಡಿದರೆ ಹಲಗೆ ನಡುವೆ ಸೀಳು. ನಿಮ್ಮದಕ್ಕೆ ಮುಂದೆ ಮಾತ್ರ ಅಂಟಿಸಿ. ಹಿಂದೆ ಚೌಕಟ್ಟಿನಲ್ಲಿ ಸ್ವಲ್ಪ ಉದ್ದನೆ ತೂತು ಮಾಡಿ, ಕೆಳಗಿನಿಂದ ಸ್ಕ್ರೂ ಹಾಕಿ. ಮರ ಉಸಿರಾಡಲಿ.

ಧಾರವಾಡದ ಮಂದಿ

ಎಲ್ಲಾ ಆಯಿತಲ್ಲ, ಸೈಕಲ್ ರಿಮ್ ಏನು ಮಾಡಿದ್ರಿ ಸರ?

ದಾವಣಗೆರೆ ಅಪ್ಪ (ಮತ್ತೆ ಎರಡು ವಾರಕ್ಕೆ)

ರಿಮ್ಮನ್ನು ಮಗ ಕೋಲಿನಲ್ಲಿ ಹೊಡೆದುಕೊಂಡು ಅಂಗಳದಲ್ಲಿ ಓಡಿಸುತ್ತಿದ್ದಾನೆ. ಚೆಂಡಿಗಿಂತ ಅದೇ ಇಷ್ಟ ಆಗಿದೆ.

ಕುರ್ಚಿ ಮುಗಿಯಿತು. ಒಂದು ಬೆಣೆ ಹೊಡೆಯುವಾಗ ಕೈ ನಡುಗಿತು, ಗೆರೆ ಅಡ್ಡ ಇದೆಯೋ ಉದ್ದ ಇದೆಯೋ ಅಂತ ಮೂರು ಸಲ ನೋಡಿದೆ. ಸೀಳಲಿಲ್ಲ. ಕಡ್ಡಿಗಳು ಚನ್ನಪಟ್ಟಣದಿಂದ ಬಂದವು. ಹಳದಿ, ಕೆಂಪು, ಹಸಿರು, ಕಿತ್ತಳೆ, ಕಂದು. ಹಲಸಿನ ಹಳದಿ ಪಕ್ಕದಲ್ಲಿ ಕಿತ್ತಳೆ ಬಣ್ಣ ಎಷ್ಟು ಚೆನ್ನಾಗಿ ಕೂತಿದೆ ಅಂದರೆ, ಇನ್ನೂ ಎರಡು ಅದೇ ಮಾಡಿಸಬೇಕಿತ್ತು ಅನಿಸಿತು. ಅರಗು ನಾಲ್ಕು ಕೈ. ಕೆಳಗೆ ಜಮಖಾನ.

ಮೊದಲು ಅಕ್ಕಿ ಚೀಲ ಇಡಲಿಲ್ಲ, ಬುದ್ಧಿ ಬಂದಿದೆ. ಹೆಂಡತಿ ಹಿಂದೆ ಕೂತಳು, ನಾನು ಮುಂದೆ. ಮಗ ಹತ್ತಿದ. ಪಾದ ಊರಿ ತೂಗಿದ. ಆಮೇಲೆ ನಮ್ಮಿಬ್ಬರ ಮುಖ ನೋಡಿ, ಬೇಕಂತಲೇ, ಎರಡೂ ಕಾಲು ಎತ್ತಿದ. ಕುರ್ಚಿ ಹಿಂದೆ ಹೋಯಿತು. ನಿಂತಿತು. ನಿಧಾನವಾಗಿ ಮುಂದೆ ಬಂತು.

ಇನ್ನೊಂದು ವಿಷಯ. ಅಪ್ಪ ಎರಡು ದಿನದಿಂದ ಅದರ ಸುತ್ತ ಓಡಾಡುತ್ತಿದ್ದಾರೆ. ಬಾಯಿ ಬಿಟ್ಟು ಕೇಳುವುದಿಲ್ಲ. ನಿನ್ನೆ "ಈ ಹಲಸು ಇನ್ನೂ ಉಳಿದಿದೆಯೇನೋ" ಅಂದರು. ಅವರು 82 ಕೆಜಿ. ಉಳಿ-ಕೊಡತಿಯವರ 42 ಇಂಚು ಸಾಕಾ?

ಹಾಸನದ ಮೇಷ್ಟ್ರು

ಕೆಜಿ ಆಮೇಲೆ. ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೊಕ್ಕುಳು ನೆಲದಿಂದ ಎಷ್ಟು ಇಂಚು ಅಂತ ಅಳೆದು ಬರೆಯಿರಿ.

ದಾವಣಗೆರೆ ಅಪ್ಪ

ಟೇಪ್ ಹಿಡಿದು ಹೋದೆ. "ಇನ್ನೂ ಬದುಕಿದ್ದೀನಿ ಕಣೋ, ಅಳತೆ ಯಾಕೆ" ಅಂತ ಬೈದು ಕಳಿಸಿದರು. ಊಟ ಆದಮೇಲೆ ಮತ್ತೆ ನೋಡುತ್ತೇನೆ.